ನಗುವಿಗೆ ಜಾಗ ಬಿಟ್ಟು

ನನ್ನ ಕಂಪ್ಯೂಟರಿನಲ್ಲಿ ‘ನಗು’ ಅಂತಲೇ ಒಂದು ಫೋಲ್ಡರ್ ಇದೆ. ಒಳಗೆ ಸಣ್ಣ ನಗು, ಜೋರು ನಗು, ಚಪ್ಪಾಳೆ ಸಮೇತ ನಗು, ಹೆಂಗಸರ ನಗು, ಎಲ್ಲರೂ ನಕ್ಕು ಮುಗಿಸಿದ ಮೇಲೆ ಹಿಂದಿನ ಸಾಲಿನಲ್ಲಿ ಒಬ್ಬನಿಗೆ ಮಾತ್ರ ಜೋಕು ಅರ್ಥವಾಗಿ ಬಂದ ನಗು. ಟಿವಿ ಕಾಮಿಡಿ ಶೋಗಳ ಎಡಿಟಿಂಗ್ ನನ್ನ ಹೊಟ್ಟೆಪಾಡು. ರಾಜಾಜಿನಗರದಲ್ಲಿ ಕಿಟಕಿ ಇಲ್ಲದ ಒಂದು ಎಸಿ ಕೋಣೆಯಲ್ಲಿ ಕೂತು, ಯಾರೋ ಹೇಳಿದ ಜೋಕಿಗೆ ಇನ್ಯಾರೋ ಯಾವತ್ತೋ ನಕ್ಕ ನಗುವನ್ನು ಅಂಟಿಸುತ್ತೇನೆ.

ಮದುವೆ ಮನೆಗಳಲ್ಲಿ ನೆಂಟರು ಕೇಳುವುದುಂಟು, “ಅಷ್ಟೊಂದು ನಗ್ತಾರಲ್ಲ, ಅವ್ರಿಗೆ ದುಡ್ಡು ಕೊಡ್ತೀರಾ?” ಅಂತ. ವಿಷಯ ಅದಲ್ಲ. ಶೂಟಿಂಗ್ ಶುರುವಾಗುವ ಮೊದಲೇ ಫ್ಲೋರ್ ಮ್ಯಾನೇಜರ್ ಜನರನ್ನು ಕೂರಿಸಿಕೊಂಡು, “ಈಗ ಜೋರಾಗಿ ನಗಿ”, “ಈಗ ಚಪ್ಪಾಳೆ”, “ಈಗ ಅಯ್ಯೋ ಅನ್ನಿ” ಅಂತ ಮಾಡಿಸಿ ರೆಕಾರ್ಡ್ ಮಾಡಿಟ್ಟುಕೊಂಡಿರುತ್ತಾರೆ. ಎದುರಿಗೆ ಯಾವ ಜೋಕೂ ಇರುವುದಿಲ್ಲ, ಖಾಲಿ ಸೆಟ್ಟು. ಮೊದಲು ನಾಚಿಕೊಂಡು ನಗುತ್ತಾರೆ, ಆಮೇಲೆ ಪಕ್ಕದವರು ನಗುವುದನ್ನು ನೋಡಿ ನಿಜವಾಗಿಯೇ ಬಂದುಬಿಡುತ್ತೆ. ಎಷ್ಟೋ ಎಪಿಸೋಡುಗಳಲ್ಲಿ ಅತ್ಯಂತ ಪ್ರಾಮಾಣಿಕವಾದ ನಗು ಅದೇ.

ಈ ಕೆಲಸದಿಂದಾಗಿ ಹಾಸ್ಯ ಕಲಾವಿದರನ್ನು ಅಳೆಯುವುದಕ್ಕೆ ನನಗೊಂದು ಅಡ್ಡದಾರಿ ಸಿಕ್ಕಿದೆ. ಯಾರು ನಾಟಕದಿಂದ ಬಂದವರು, ಯಾರು ಸಿನಿಮಾದಲ್ಲಿ ಪಳಗಿದವರು, ಯಾರು ಮೊನ್ನೆ ಮೊನ್ನೆ, ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್‌ನಿಂದ ಎದ್ದು ಬಂದವರು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ. ಪಂಚ್, ಅಂದರೆ ಜೋಕಿನಲ್ಲಿ ನಗು ಬರಿಸುವ ಮಾತು, ಹೇಳಿದ ಮರುಕ್ಷಣ ಏನು ಮಾಡುತ್ತಾರೆ ಅನ್ನುವುದನ್ನು ನೋಡಿದರೆ ಸಾಕು. ನಾಟಕದವರು ಕಾಯುತ್ತಾರೆ, ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಳ್ಳುವುದೋ, ಮೂಗು ಒರೆಸಿಕೊಳ್ಳುವುದೋ ಏನೋ ಒಂದು ಕೆಲಸ ಹುಟ್ಟಿಸಿಕೊಂಡು ಕಾಯುತ್ತಾರೆ. ಸಿನಿಮಾದವರು ಕಾಯುವುದಿಲ್ಲ, ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ಒಬ್ಬರೇ ಮೈಕ್ ಹಿಡಿದು ನಗಿಸುವ ಸ್ಟ್ಯಾಂಡಪ್ಪಿನ ಹುಡುಗರು ಎದುರಿಗೆ ನಿಂತ ಪಾತ್ರಧಾರಿಯನ್ನು ಬಿಟ್ಟು ಜನರ ಕಡೆ ತಿರುಗುತ್ತಾರೆ. ಅಲ್ಲಿಗೆ ನನ್ನ ಎರಡನೇ ಕ್ಯಾಮೆರಾದ ಶಾಟ್ ಹಾಳು.

ನಗುವಿಗೆ ಒಂದು ಆಕಾರ ಇದೆ. ಎಡಿಟಿಂಗ್ ಪರದೆಯಲ್ಲಿ ಚಿತ್ರ, ಸದ್ದು ಎಲ್ಲ ಪಟ್ಟಿಯಾಗಿ ಕಾಣುವ ಟೈಮ್‌ಲೈನಿನಲ್ಲಿ ದಿನಾ ನೋಡಿ ನೋಡಿ ಅದು ನನಗೆ ಕಣ್ಣಿಗೇ ಗೊತ್ತಾಗುತ್ತೆ. ಒಮ್ಮೆಗೇ ಏಳುವುದಿಲ್ಲ. ಮೊದಲು ಚುರುಕಿನ ನಾಲ್ಕೈದು ಜನ, ಆಮೇಲೆ ಇಡೀ ಸಭೆ, ಆಮೇಲೆ ಉದ್ದನೆಯ ಇಳಿಜಾರು. ಮುಂದಿನ ಮಾತು ಬೀಳಬೇಕಾದ್ದು ಆ ಇಳಿಜಾರಿನಲ್ಲಿ. ನೆತ್ತಿಯ ಮೇಲೆ ಬಿದ್ದರೆ ಮಾತೇ ಕೇಳಿಸುವುದಿಲ್ಲ. ನಗು ಪೂರ್ತಿ ನಿಂತ ಮೇಲೆ ಬಿದ್ದರೆ ಸಭೆಯನ್ನು ಮತ್ತೆ ಮೊದಲಿನಿಂದ ಎಬ್ಬಿಸಬೇಕು. ಟಿವಿಗೆ ಸೆಕೆಂಡಿಗೆ 25 ಫ್ರೇಮ್. ನಾಲ್ಕು ಫ್ರೇಮ್ ಆಚೀಚೆ ಆದರೂ ಒಳ್ಳೆಯ ಜೋಕು ಸಾಯುತ್ತೆ, ಸಾಧಾರಣ ಜೋಕು ಬದುಕಿಕೊಳ್ಳುತ್ತೆ.

ಇದನ್ನು ಕಂಪ್ಯೂಟರ್ ಇಲ್ಲದೆ, ಬರೀ ಕಿವಿಯಿಂದ ಮಾಡುತ್ತಿದ್ದವರನ್ನು ನಾನು ನೋಡಿದ್ದು ರವೀಂದ್ರ ಕಲಾಕ್ಷೇತ್ರದಲ್ಲಿ. ಅಪ್ಪನಿಗೆ ಮಾಸ್ಟರ್ ಹಿರಣ್ಣಯ್ಯ ಅಂದರೆ ಪ್ರಾಣ. ‘ಲಂಚಾವತಾರ’ ಎಷ್ಟು ಸಲ ನೋಡಿದ್ದರೋ ಅವರಿಗೇ ಲೆಕ್ಕ ಇಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿದೆ ಎನ್ನುವ ನಾಟಕ. ಆದರೆ ಒಂದು ದಿನ ನೋಡಿದ್ದು ಇನ್ನೊಂದು ದಿನ ಇರುತ್ತಿರಲಿಲ್ಲ. ಬೆಳಗಿನ ಪೇಪರಿನಲ್ಲಿ ಬಂದ ಹಗರಣ ಸಂಜೆಯ ನಾಟಕದಲ್ಲಿ ಹಾಜರ್. ಪಾತ್ರದೊಳಗೆ ಇದ್ದಂತೆಯೇ ಇದ್ದು, ನಾಲ್ಕು ಹೆಜ್ಜೆ ಮುಂದೆ ಬಂದು, ಸೀದಾ ಜನರ ಹತ್ತಿರ ಮಾತಾಡಿ, ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿಸಿ, ವಾಪಸ್ ಪಾತ್ರಕ್ಕೆ ಹೋಗಿಬಿಡುತ್ತಿದ್ದರು. ಲಂಚದ ಜೋಕಿಗೆ ಎದೆ ತಟ್ಟಿಕೊಂಡು ನಗುತ್ತಿದ್ದವರಲ್ಲಿ ಅರ್ಧ ಜನ ಸರ್ಕಾರಿ ನೌಕರರೇ ಇರುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರು. ಅಪ್ಪನೂ ಸರ್ಕಾರಿ ನೌಕರರೇ. 2019ರಲ್ಲಿ ಹಿರಣ್ಣಯ್ಯನವರು ಹೋದಾಗ ನಮ್ಮ ಮನೆಯಲ್ಲಿ ಅವತ್ತು ಟಿವಿ ಆರಲೇ ಇಲ್ಲ.

ಬೆಂಗಳೂರಿಗೆ ಸ್ಟ್ಯಾಂಡಪ್ ಬಂದದ್ದು ಇಂದಿರಾನಗರದ ಪಬ್ಬುಗಳಿಂದ ಅಂತ ಯಾರಾದರೂ ಅಂದರೆ ನನಗೆ ಹಿರಣ್ಣಯ್ಯನವರ ಆ ನಾಲ್ಕು ಹೆಜ್ಜೆ ನೆನಪಾಗುತ್ತೆ. ಮೈಕ್ ಸ್ಟ್ಯಾಂಡ್ ಒಂದಿರಲಿಲ್ಲ ಅಷ್ಟೆ.

ನಾಟಕದ ಹಾಸ್ಯಗಾರರು ಸಿನಿಮಾಗೆ ಹೋದದ್ದು ಹೊಸದೇನಲ್ಲ. ನಮ್ಮಲ್ಲಿ ಕಂಪನಿ ಮಾಲೀಕರೇ ಹಾಸ್ಯಗಾರರು: ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರಕ್ಕೆ ಹೆಸರಾದವರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆಗೇ ನರಸಿಂಹರಾಜು ಕೂಡ ತೆರೆಗೆ ಬಂದರು, ಇಬ್ಬರೂ ನಾಟಕ ಕಂಪನಿಗಳ ಹುಡುಗರೇ. ಅಲ್ಲಿಂದ 1979ರಲ್ಲಿ ತೀರಿಕೊಳ್ಳುವವರೆಗೆ ನರಸಿಂಹರಾಜು ಇಲ್ಲದ ಕನ್ನಡ ಸಿನಿಮಾ ಹುಡುಕಬೇಕಾಗಿತ್ತು. ಅವರ ಹಲ್ಲು, ಅವರ ಓಟ, ಎಲ್ಲ ಹೇಳುತ್ತೇವೆ. ನನಗೆ ಆಶ್ಚರ್ಯ ಬೇರೆ: ದಿನಾ ರಾತ್ರಿ ಎದುರಿಗೇ ನಗು ಕೇಳಿಸಿಕೊಂಡು ಬೆಳೆದ ಮನುಷ್ಯ, ಯಾರೂ ನಗದ ಜಾಗದಲ್ಲಿ ಅಷ್ಟು ವರ್ಷ ಹೇಗೆ ನಗಿಸಿದರು?

ಸಿನಿಮಾ ಸೆಟ್ಟಿನಲ್ಲಿ ಯಾರೂ ನಗುವುದಿಲ್ಲ. ಹೆಚ್ಚಿನ ಸಿನಿಮಾಗಳಿಗೆ ಮಾತು ಆಮೇಲೆ ಡಬ್ ಆಗುವುದರಿಂದ ನಕ್ಕರೂ ನಷ್ಟವೇನಿಲ್ಲ, ಆದರೆ ನಗಲು ಪುರುಸೊತ್ತು ಯಾರಿಗಿದೆ? ಫೋಕಸ್ ಹುಡುಗ ಟೇಪ್ ಹಿಡಿದು ದೂರ ಅಳೆಯುತ್ತಿರುತ್ತಾನೆ, ಮೇಕಪ್‌ನವರು ಬೆವರು ಒತ್ತುತ್ತಿರುತ್ತಾರೆ, ನಿರ್ದೇಶಕರಿಗೆ ಬೆಳಕು ಹೋಗುವ ಚಿಂತೆ. ಮೂರನೇ ಟೇಕ್ ಹೊತ್ತಿಗೆ ಜೋಕು ಹೇಳುವವನಿಗೇ ಸಪ್ಪೆ. ಹಳಬರು ಲೈಟ್‌ಬಾಯ್‌ಗಳ ಮುಖ ನೋಡುತ್ತಾರಂತೆ, ಅವರ ತುಟಿ ಅಲ್ಲಾಡಿದರೆ ಸೀನ್ ಪಾಸು. ಕೆಲವು ವಾರ ಕಳೆದ ಮೇಲೆ ಅದೇ ಮಾತನ್ನು ಡಬ್ಬಿಂಗ್ ಕೋಣೆಯಲ್ಲಿ, ಹೆಡ್‌ಫೋನ್ ಹಾಕಿಕೊಂಡು, ತನ್ನ ತುಟಿಗೆ ತಾನೇ ಕೂರಿಸುತ್ತಾ ಒಬ್ಬರೇ ಹೇಳಬೇಕು. ಆಗಲೂ ಯಾರೂ ನಗುವುದಿಲ್ಲ. ಗಾಜಿನ ಆಚೆ ಕೂತ ಎಂಜಿನಿಯರ್ “ಸಾರ್, ‘ಪ’ಕಾರ ಹೊಡೀತಿದೆ, ಇನ್ನೊಂದ್ಸಲ” ಅನ್ನುತ್ತಾನೆ.

ನಗುವಿಗೆ ಜಾಗ ಬಿಡುವ ಕೆಲಸ ಅಲ್ಲಿ ಎಡಿಟರ್‌ದು. ಪಂಚ್ ಆದಮೇಲೆ ಹೀರೋ ಮುಖದ ಮೇಲೊಂದು ರಿಯಾಕ್ಷನ್ ಇಟ್ಟು, ಮೆಜೆಸ್ಟಿಕ್‌ನ ಥಿಯೇಟರಿನಲ್ಲಿ ಜನ ನಕ್ಕು ಮುಗಿಸುವವರೆಗೆ ಮುಂದಿನ ಡೈಲಾಗ್ ತಡೆಹಿಡಿಯುವುದು. ಎಷ್ಟು ಹೊತ್ತು ನಗುತ್ತಾರೆ ಅಂತ ಊಹೆ ಮಾತ್ರ.

ಈ ವಿಷಯದಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸುವವರು ಬಾಲಕೃಷ್ಣ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು ಅಂತ ಹೇಳುತ್ತಾರೆ. ನಾಟಕದಲ್ಲೂ ಸಿನಿಮಾದಲ್ಲೂ ನಗಿಸಿ, ಖಳನಾಗಿ ಬೈಸಿಕೊಂಡು, ಬೆಂಗಳೂರಿನ ಹೊರವಲಯದಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಿದ ಮನುಷ್ಯ. ನಗು ಕೇಳಿಸದಿದ್ದರೂ ಅದರ ಅಳತೆ ಗೊತ್ತಿತ್ತು. ಸದ್ದಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ನನ್ನ ವೇವ್‌ಫಾರ್ಮು ಗಿವ್‌ಫಾರ್ಮು ಎಲ್ಲ ಅವರ ಮುಂದೆ ದಂಡ.

ನಮ್ಮ ಹಾಸ್ಯ ಕಲಾವಿದರ ಹೆಸರುಗಳನ್ನೇ ಒಮ್ಮೆ ನೋಡಿ. ರಂಗಾಯಣ ರಘು, ಮುಖ್ಯಮಂತ್ರಿ ಚಂದ್ರು, ಸಿಹಿಕಹಿ ಚಂದ್ರು, ಬ್ಯಾಂಕ್ ಜನಾರ್ದನ್, ಮಿಮಿಕ್ರಿ ದಯಾನಂದ್, ಕುರಿ ಪ್ರತಾಪ್. ಯಾವ ಬಸ್ ಹತ್ತಿ ಬಂದರು ಅನ್ನುವುದು ಹೆಸರಿನ ಮುಂದೆಯೇ ಬರೆದಿದೆ: ಒಬ್ಬರಿಗೆ ಮೈಸೂರಿನ ರೆಪರ್ಟರಿ, ಒಬ್ಬರಿಗೆ ದೂರದರ್ಶನದ ಧಾರಾವಾಹಿ, ಒಬ್ಬರಿಗೆ ದಾರಿಹೋಕರನ್ನು ಬಕ್ರಾ ಮಾಡುವ ಟಿವಿ ಕಾರ್ಯಕ್ರಮ. ಕಲಾಗಂಗೋತ್ರಿ ತಂಡ 1980ರಿಂದ ಆಡುತ್ತಾ ಬಂದ ‘ಮುಖ್ಯಮಂತ್ರಿ’ ನಾಟಕದ ಆ ಪಾತ್ರ ಚಂದ್ರು ಅವರಿಗೆ ಎಷ್ಟು ಅಂಟಿಕೊಂಡಿತೆಂದರೆ, 1985ರಲ್ಲಿ ಗೌರಿಬಿದನೂರಿನಿಂದ ಶಾಸಕರಾಗಿ ಅವರು ನಿಜವಾದ ವಿಧಾನಸೌಧಕ್ಕೇ ಹೋದರು. ಹೀರೋಗಳಿಗೆ ಬಿರುದು ಕೊಡುತ್ತೇವೆ, ಹಾಸ್ಯದವರಿಗೆ ವಿಳಾಸ ಕೊಡುತ್ತೇವೆ.

ವಿಳಾಸ ಕೊಟ್ಟಮೇಲೆ ಬದಲಾಯಿಸಲು ಬಿಡುವುದಿಲ್ಲ, ಅದೇ ತೊಂದರೆ. ವೈಜನಾಥ ಬಿರಾದಾರ್ ಅವರನ್ನು ನಮ್ಮ ಸಿನಿಮಾಗಳು ಭಿಕ್ಷುಕನನ್ನಾಗಿ, ಕುಡುಕನನ್ನಾಗಿ ಎಷ್ಟು ಸಲ ಮಾಡಿದವೋ. 2010ರಲ್ಲಿ ಗಿರೀಶ್ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ಯಲ್ಲಿ ಮುಖ್ಯ ಪಾತ್ರ ಕೊಟ್ಟರು, ಸ್ಪೇನ್‌ನ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆಮೇಲೆ? ಮತ್ತೆ ಸಣ್ಣ ಪುಟ್ಟ ಪಾತ್ರಗಳೇ ಜಾಸ್ತಿ. ಉಮಾಶ್ರೀ ಅವರದ್ದೂ ಇಂಥದ್ದೇ ದೊಡ್ಡ ಸುತ್ತು. ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ಜನರನ್ನು ಅಲುಗಾಡಿಸಿದವರನ್ನು ಸಿನಿಮಾ ದ್ವಂದ್ವಾರ್ಥದ ಕಾಮಿಡಿಗೆ ಹಾಕಿಕೊಂಡಿತು. ಅವರು ಅದನ್ನೂ ಭರ್ಜರಿಯಾಗಿಯೇ ಮಾಡಿದರು ಅನ್ನಿ. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಬಂದಮೇಲೆ ಎಲ್ಲರೂ “ಎಂಥಾ ನಟಿ!” ಅಂದರು, ಹೊಸದಾಗಿ ಕಂಡುಹಿಡಿದವರ ಹಾಗೆ. ಮಂತ್ರಿಯೂ ಆಗಿ, ಈಚೆಗೆ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕ ಹಿಡಿದು ಮತ್ತೆ ರಂಗಕ್ಕೇ ಬಂದಿದ್ದಾರೆ.

ಹಿಂದೆ ಸಿನಿಮಾದಲ್ಲಿ ಕಾಮಿಡಿ ಟ್ರ್ಯಾಕ್ ಅಂತ ಬೇರೆಯೇ ಇರುತ್ತಿತ್ತು. ಕಥೆಗೂ ಅದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ನಾಲ್ಕೈದು ದಿನದ ಕಾಲ್‌ಶೀಟಿನಲ್ಲಿ ಮುಗಿಯುವ ಕೆಲಸ. ಹಾಗಾಗಿ ಒಬ್ಬ ಹಾಸ್ಯನಟ ವರ್ಷಕ್ಕೆ ಎಷ್ಟೋ ಸಿನಿಮಾ ಮಾಡಬಹುದಿತ್ತು. ಈಗ ಹೀರೋನೇ ಕಾಮಿಡಿ ಮಾಡುತ್ತಾನೆ. ಅದಕ್ಕೆ ಪ್ರತಿಯಾಗಿ ಕಾಮಿಡಿಯವರೇ ಹೀರೋ ಆದದ್ದೂ ಇದೆ. ಶರಣ್ ತಮ್ಮ ನೂರನೇ ಸಿನಿಮಾ ‘ರ‍್ಯಾಂಬೋ’ದಲ್ಲಿ, 2012ರಲ್ಲಿ, ನಾಯಕರಾದರು; ಚಿಕ್ಕಣ್ಣ 2024ರ ‘ಉಪಾಧ್ಯಕ್ಷ’ದಲ್ಲಿ. ಇಬ್ಬರೂ ಗೆದ್ದರು, ಸಂತೋಷ. ಆದರೆ ಅವರಿಬ್ಬರ ಹಿಂದೆ ಕಾಮಿಡಿ ಟ್ರ್ಯಾಕ್ ನಂಬಿಕೊಂಡಿದ್ದ ಐವತ್ತು ಜನ ಎಲ್ಲಿ ಹೋದರು ಅಂದರೆ, ನನ್ನ ಟೈಮ್‌ಲೈನಿಗೆ ಬಂದರು. ಟಿವಿಗೆ.

ಟಿವಿಯನ್ನು ಬೈಯುವವರು ಬಹಳ. ನಾನೂ ಬೈಯುತ್ತೇನೆ, ಒಳಗಿದ್ದುಕೊಂಡೇ. ದಪ್ಪಗಿದ್ದವರನ್ನು ಆಡಿಕೊಳ್ಳುವ ಜೋಕು, ಗಂಡಸರಿಗೆ ಸೀರೆ ಉಡಿಸುವ ಲೇಡಿ ಗೆಟಪ್ಪು, ಪ್ರತಿ ಮಾತಿಗೂ ‘ಟೊಂಯ್’ ಸದ್ದು, ನನಗಂತೂ ಸಾಕಾಗಿದೆ. ಹಾಗಂತ ಅಲ್ಲಿ ಕಲೆಯೇ ಇಲ್ಲ ಅಂದರೆ ಒಪ್ಪಲಾರೆ. ‘ಮಜಾ ಟಾಕೀಸ್’ನಲ್ಲಿ ಅಪರ್ಣಾ ಮಾಡಿದ ವರಲಕ್ಷ್ಮಿಯನ್ನು ತೆಗೆದುಕೊಳ್ಳಿ. ಅಚ್ಚುಕಟ್ಟಾದ ನಿರೂಪಣೆಗೆ ಮಾದರಿ ಅನ್ನಿಸಿಕೊಂಡಿದ್ದವರು, ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ದನಿ, ಅಲ್ಲಿ ಬಂದು ಒಣ ಜಂಬದ ಹೆಂಗಸಾಗಿ ಇಡೀ ಸೆಟ್ಟನ್ನು ಉರುಳಾಡಿಸುತ್ತಿದ್ದರು. ಆ ಅಚ್ಚುಕಟ್ಟು ನಾಲಿಗೆಯೇ ಅಲ್ಲಿ ಹಾಸ್ಯ. 2024ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೆ ಕೂಡ ರಾಜಾಜಿನಗರ ನಿಲ್ದಾಣದಲ್ಲಿ ಇಳಿಯುವಾಗ ಅದೇ ದನಿ ಕೇಳಿ, ಪಕ್ಕದವರಿಗೆ “ಇವ್ರೇ ವರಲಕ್ಷ್ಮಿ” ಅಂತ ಹೇಳಿದ್ದೇನೆ. ಅವರು ನಂಬಲಿಲ್ಲ.

ಇನ್ನು ಸ್ಟ್ಯಾಂಡಪ್. ಇಂಗ್ಲಿಷಿನಲ್ಲಿ ಬೆಂಗಳೂರು ದೊಡ್ಡ ಹೆಸರುಗಳನ್ನೇ ಕೊಟ್ಟಿದೆ, ಕೆನ್ನಿ ಸೆಬಾಸ್ಟಿಯನ್, ಕನನ್ ಗಿಲ್. ಸುಮುಖಿ ಸುರೇಶ್ ಇಲ್ಲಿನ ವೇದಿಕೆಗಳಿಂದಲೇ ‘ಪುಷ್ಪವಲ್ಲಿ’ ಸರಣಿಗೆ ಹೋದವರು. ಕನ್ನಡಕ್ಕೆ ಹತ್ತಿರದ ದಾರಿ ದಾನಿಶ್ ಸೇಠ್‌ದು: ರೇಡಿಯೋದಲ್ಲಿ ಹುಟ್ಟಿದ ಅವರ ರಾಜಕಾರಣಿ ಪಾತ್ರ ನೋಗ್ರಾಜ್ 2018ರಲ್ಲಿ ಸಿನಿಮಾ ಆದ, ಆಮೇಲೆ ವೆಬ್ ಸರಣಿಯೂ ಆದ. ಲಾಕ್‌ಡೌನ್‌ನಲ್ಲಿ ಫೋನ್ ಹಿಡಿದುಕೊಂಡು ಒಬ್ಬರೇ ಎಲ್ಲ ಪಾತ್ರ ಮಾಡಿದ ಅವರ ವಿಡಿಯೋಗಳನ್ನು ನಾನು ಎಡಿಟರ್ ಕಣ್ಣಿನಿಂದಲೇ ನೋಡಿದ್ದು. ಅದರಲ್ಲಿ ನಗುವಿಗೆ ಜಾಗವೇ ಇಲ್ಲ, ಮಾತಿನ ಮೇಲೆ ಮಾತು. ಮನೆಯಲ್ಲಿ ಒಬ್ಬರೇ ನೋಡುವವರು ಜೋರಾಗಿ ನಗುವುದಿಲ್ಲ, ಹಾಗಾಗಿ ಕಾಯಬೇಕಾಗಿಲ್ಲ. ಇದು ರೇಡಿಯೋ ಕಲಿಸಿದ ಪಾಠ ಅಂತ ನನ್ನ ಅನುಮಾನ. ಪೂರ್ತಿ ಕನ್ನಡದಲ್ಲೇ ಸ್ಟ್ಯಾಂಡಪ್ ಮಾಡಿದ ಲೋಲ್‌ಬಾಗ್ ತಂಡದವರದ್ದು ಬೇರೆ ದಾರಿ. ಟಿಕೆಟ್ ಕೊಟ್ಟು ಕನ್ನಡ ಜೋಕು ಕೇಳಲು ಜನ ಬರುತ್ತಾರೆ ಅಂತ ತೋರಿಸಿಕೊಟ್ಟವರಲ್ಲಿ ಅವರೂ ಇದ್ದಾರೆ.

ನಮ್ಮ ಶೋನಲ್ಲಿ ಒಬ್ಬ ಹುಡುಗ ಇದ್ದಾನೆ, ಹೆಸರು ಬೇಡ. ಹಾಸನದ ಕಡೆಯವನು, ಕಾಲೇಜು ನಾಟಕದಿಂದ ಆಡಿಷನ್‌ಗೆ ಬಂದವನು. ಶೋನಲ್ಲಿ ಅಜ್ಜಿ ಪಾತ್ರ ಮಾಡಿ ಮನೆಮಾತಾದ. ಈಗ ಅವನಿಗೆ ಸ್ಟ್ಯಾಂಡಪ್ ಹುಚ್ಚು. ಜಯನಗರದ ಒಂದು ಕೆಫೆಯ ಮಹಡಿಯಲ್ಲಿ ಓಪನ್ ಮೈಕ್, ಒಬ್ಬೊಬ್ಬರಿಗೆ ಐದು ನಿಮಿಷ. ಇನ್ನೊಂದು ನಿಮಿಷ ಉಳಿದಾಗ ಹಿಂದಿನಿಂದ ಯಾರೋ ಮೊಬೈಲ್ ಟಾರ್ಚ್ ಆಡಿಸುತ್ತಾರೆ. ಕೂತವರಲ್ಲಿ ಅರ್ಧಕ್ಕರ್ಧ ಜನ ತಮ್ಮ ಸರದಿಗೆ ಕಾಯುತ್ತಿರುವ ಬೇರೆ ಕಾಮಿಡಿಯನ್ನುಗಳೇ, ಅವರು ನಗುವುದಿಲ್ಲ, ಮನಸ್ಸಿನಲ್ಲೇ ತಮ್ಮ ಸೆಟ್ ಬಾಯಿಪಾಠ ಮಾಡುತ್ತಿರುತ್ತಾರೆ. ಉಳಿದವರು ಇವನನ್ನು ಗುರುತು ಹಿಡಿದು, “ಅಜ್ಜಿ ಮಾಡಿ, ಅಜ್ಜಿ!” ಅಂತ ಕೂಗಿದರಂತೆ. ಇವನು ಹೇಳಲು ಹೋಗಿದ್ದು ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಹೊಂದಿಸಿದ ಕಥೆ.

ಆ ವಿಡಿಯೋ ನನಗೆ ಕಳಿಸಿ ಫೋನ್ ಮಾಡಿದ.

“ಅಕ್ಕಾ, ರೀಲ್ಸ್‌ಗೆ ಕಟ್ ಮಾಡ್ಕೊಡಿ. ಹಂಗೇ ಸ್ವಲ್ಪ ನಗು ಹಾಕಿ.”

“ನಗು ಹಾಕಲ್ಲ ಕಣೋ. ನಕ್ಕಿದ್ದಾರಲ್ಲ ಜನ.”

“ಎಲ್ಲಿ ನಕ್ಕಿದ್ದಾರೆ? ಕೇಳ್ಸೋದೇ ಇಲ್ಲ.”

“ನೀನು ಕೇಳಿಸ್ಕೊಂಡಿಲ್ಲ. ಬಾ ಇಲ್ಲಿ, ತೋರಿಸ್ತೀನಿ.”

ಬಂದ. ಟೈಮ್‌ಲೈನ್ ದೊಡ್ಡದು ಮಾಡಿ ತೋರಿಸಿದೆ. ಓನರ್ ಅಜ್ಜಿ “ನಾನ್‌ವೆಜ್ ಮಾಡ್ತೀರಾ?” ಅಂತ ಕೇಳಿದ್ದು, ಇವನು “ಇಲ್ಲಮ್ಮ, ಬರೀ ತಿಂತೀನಿ” ಅಂದದ್ದು. ಅಲ್ಲಿಂದ ಮುಂದಿನ ಮಾತಿಗೆ ಒಂಬತ್ತು ಫ್ರೇಮ್. ಅರ್ಧ ಸೆಕೆಂಡೂ ಇಲ್ಲ. ಮುಂದಿನ ಸಾಲಿನ ನಾಲ್ಕೈದು ಜನರ ನಗು ಎದ್ದಿದೆ, ಇಡೀ ಕೋಣೆ ಏಳಬೇಕು, ಅಷ್ಟರಲ್ಲಿ ಇವನು ಪೈಪ್‌ಲೈನಿನ ನೀರಿನ ಜೋಕಿಗೆ ಹೋಗಿಯಾಗಿದೆ. ಜನ ಬಾಯಿ ಮುಚ್ಚಿಕೊಂಡು ಕೇಳಲು ಕೂತರು. ಐದು ನಿಮಿಷದ ಉದ್ದಕ್ಕೂ ಇದೇ. ಪ್ರತಿ ನಗುವಿನ ಕುತ್ತಿಗೆಯನ್ನೂ ಇವನೇ ಹಿಸುಕಿದ್ದಾನೆ.

ತುಂಬಾ ಹೊತ್ತು ಸ್ಕ್ರೀನ್ ನೋಡಿದ. ಆಮೇಲೆ, “ಶೋನಲ್ಲಿ ಕಾಯೋ ಅಭ್ಯಾಸಾನೇ ಹೋಗ್ಬಿಡ್ತು ಅಕ್ಕಾ. ನೀವು ಹಾಕ್ತೀರಲ್ಲ” ಅಂದ.

ಬೈದನೋ ಹೊಗಳಿದನೋ ಗೊತ್ತಾಗಲಿಲ್ಲ. ಮಾತು ಮಾತ್ರ ನಿಜ. ಸ್ಕಿಟ್ಟಿನಲ್ಲಿ ಅವನು ಎಲ್ಲಿ ನಿಲ್ಲಿಸಲಿ ಬಿಡಲಿ, ಅವನ ಕ್ಲೋಸಪ್ಪನ್ನು ಎಳೆದು, ತೀರ್ಪುಗಾರರು ಮೇಜು ಕುಟ್ಟುವ ಶಾಟ್ ಮಧ್ಯೆ ಸೇರಿಸಿ, ನಗುವಿಗೆ ಜಾಗ ಮಾಡುವವಳು ನಾನು. ದಿನಕ್ಕೆ ಎರಡೆರಡು ಎಪಿಸೋಡ್ ಶೂಟ್ ಆಗುವಾಗ, ರಾತ್ರಿ ಹನ್ನೊಂದರ ಮೇಲೆ ಜನರಿಗೆ ನಗುವ ಶಕ್ತಿಯೂ ಉಳಿದಿರುವುದಿಲ್ಲ, ಕಲಾವಿದರಿಗೆ ಕಾಯುವ ತಾಳ್ಮೆಯೂ. ಹೇಗೂ ಎಡಿಟಿಂಗ್ ಕೋಣೆಯಲ್ಲಿ ಸರಿಹೋಗುತ್ತೆ. ಹೀಗೆ ಎರಡು ಮೂರು ಸೀಸನ್ ಮಾಡಿದವರು ಮತ್ತೆ ನಾಟಕಕ್ಕೆ ಹೋದರೆ ಸಹನಟರಿಗೇ ಮೊದಲು ತೊಂದರೆ.

ಅವನಿಗೆ ನಾನು ಹೇಳಿದ್ದು ಒಂದೇ: ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲೋ, ರಂಗಶಂಕರದಲ್ಲೋ ಯಾವುದಾದರೂ ಹವ್ಯಾಸಿ ತಂಡದ ನಾಟಕದಲ್ಲಿ ಸಣ್ಣ ಪಾತ್ರ ಮಾಡು, ದುಡ್ಡು ಸಿಗದಿದ್ದರೂ ಪರವಾಗಿಲ್ಲ. “ದುಡ್ಡು ಸಿಗದಿದ್ರೆ ಹೆಂಗೆ ಅಕ್ಕಾ, ಅಡ್ವಾನ್ಸ್ ಜೋಕ್ ಅಲ್ಲ, ನಿಜವಾಗ್ಲೂ ಕಟ್ಬೇಕು” ಅಂದ. ಅದೂ ಸರಿಯೇ. ಒಂದು ತಂಡದ ರಿಹರ್ಸಲ್‌ಗೆ ಸೇರಿದ್ದಾನೆ, ಜವಾನನ ಪಾತ್ರ, ಎರಡು ಸೀನ್.

ಹಾಸ್ಯದವರಿಗೆ ದುಡ್ಡು ಬರುವುದು ಗಣೇಶನಿಂದ ನವೆಂಬರ್‌ವರೆಗೆ. ಬೀದಿ ಗಣೇಶನ ಆರ್ಕೆಸ್ಟ್ರಾದಲ್ಲಿ ಎರಡು ಹಾಡಿನ ಮಧ್ಯೆ ಮಿಮಿಕ್ರಿ. ನವೆಂಬರ್ ಬಂತೆಂದರೆ ಕಂಪನಿಗಳ ಕನ್ನಡ ಸಂಘ, ಬಡಾವಣೆಯ ಸಂಘ, ಅಪಾರ್ಟ್‌ಮೆಂಟ್ ಸಂಘ, ತಿಂಗಳು ಪೂರ್ತಿ ರಾಜ್ಯೋತ್ಸವ. ಸಿನಿಮಾ ಹೆಸರು ಕೊಡುತ್ತೆ, ಟಿವಿ ಮುಖಪರಿಚಯ ಕೊಡುತ್ತೆ, ವರ್ಷದ ಬಾಡಿಗೆ ಹುಟ್ಟುವುದು ಇಲ್ಲಿ. ಹೋದ ರಾಜ್ಯೋತ್ಸವಕ್ಕೆ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಒಂದರವರು ಇವನನ್ನು ಅರ್ಧ ಗಂಟೆಗೆ ಕರೆಸಿದ್ದರು. ಧ್ವಜ, ಭಾಷಣ, ಮಕ್ಕಳ ಡ್ಯಾನ್ಸ್, ಸನ್ಮಾನ ಎಲ್ಲ ಮುಗಿದು ಇವನ ಕೈಗೆ ಮೈಕ್ ಬರುವ ಹೊತ್ತಿಗೆ ಊಟದ ಕೌಂಟರ್ ತೆರೆದಿತ್ತು.

“ಒಬ್ಬಟ್ಟಿನ ಮುಂದೆ ಯಾವ ಪಂಚೂ ನಿಲ್ಲಲ್ಲ ಅಕ್ಕಾ. ಕಾದೆ, ನೀವು ಹೇಳಿದ ಹಂಗೇ ಕಾದೆ. ಪ್ಲೇಟಿನ ಸದ್ದು ಬಿಟ್ರೆ ಏನೂ ಬರ್ಲಿಲ್ಲ.”

ಈ ವರ್ಷ ಬುಕಿಂಗ್‌ಗೆ ಫೋನ್ ಮಾಡಿದವರಿಗೆಲ್ಲ ಒಂದು ವಾಟ್ಸ್ಯಾಪ್ ಮೆಸೇಜ್ ಕಳಿಸುತ್ತಿದ್ದಾನೆ, ಕರಡು ನನ್ನಿಂದಲೇ ತಿದ್ದಿಸಿಕೊಂಡಿದ್ದಾನೆ: ಅರ್ಧ ದುಡ್ಡು ಮುಂಗಡ, ಮೈಕ್ ವೈರ್ ಇರುವುದೇ ಆಗಬೇಕು, ಅಜ್ಜಿ ಪಾತ್ರ ಬೇಕಿದ್ದರೆ ಬೇರೆ ರೇಟು, ಕಾರ್ಯಕ್ರಮ ಊಟಕ್ಕೆ ಮುಂಚೆ.